ಏಳನೆಯ ಪ್ರಶ್ನೆ

ಫೆಬ್ರವರಿ 4, ಮಂಗಳವಾರ

ನಾಲ್ಕನೇ ಕ್ಲಾಸಿಗೆ ಬಿಟ್ಟ ಅಕ್ಷರ. ಇಷ್ಟು ವರ್ಷ ಆದಮೇಲೆ ಬರೆದರೆ ಕೋಳಿ ಕೆದರಿದ ಹಾಗೆ ಬರುತ್ತದೆ. ಬರಲಿ, ಯಾರಿಗೂ ತೋರಿಸುವುದಕ್ಕಲ್ಲ. ಮಗನಿಗೆ ಅವನ ಲಿಫ್ಟ್ ಕಂಪನಿಯವರು ಕೊಟ್ಟ ಡೈರಿ ಇದು. ಅವನು ಒಂದು ಹಾಳೆಯನ್ನೂ ತಿರುವಿರಲಿಲ್ಲ. ನಾನು ಎತ್ತಿಟ್ಟುಕೊಂಡೆ.

ಬೆಳಿಗ್ಗೆ ಬಚ್ಚಲಲ್ಲಿ ಬಗ್ಗಿ ಎದ್ದೆ ನೋಡು, ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದೆ ಅಂದುಕೊಂಡೆ, ಹಿಡಿದಿರಲಿಲ್ಲ. ಎಚ್ಚರ ಆದಾಗ ಚೊಂಬು ಒಂದು ಕಡೆ, ನಾನು ಒಂದು ಕಡೆ. ಮನೆಯಲ್ಲಿ ಯಾರೂ ಇರಲಿಲ್ಲ, ಸದ್ಯ. ಮೊಣಕೈ ತರಚಿದ್ದಕ್ಕೆ ಬಾಗಿಲು ತಗುಲಿತು ಅಂತ ಸೊಸೆಗೆ ಹೇಳಿದೆ. "ಬಾಗಿಲು ನಿಮ್ಮ ಮೇಲೆ ಬಂತಾ ಅತ್ತೆ, ನೀವೇ ಬಾಗಿಲ ಮೇಲೆ ಹೋದ್ರಾ?" ಅಂದಳು. ಎಂಟು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ಕಣ್ಣು ಸೂಜಿ ಇದ್ದ ಹಾಗೆ.

ಇದು ಎರಡನೇ ಸಲ. ಮೊದಲನೆಯದು ಹೋದ ತಿಂಗಳು, ಒಗೆದ ಬಟ್ಟೆ ಹರವುವಾಗ. ಅದನ್ನೂ ಯಾರ ಹತ್ತಿರವೂ ಉಸಿರು ಬಿಟ್ಟಿಲ್ಲ. ಬಿಟ್ಟರೆ ಏನಾಗುತ್ತದೆ ಅಂತ ಗೊತ್ತು. ನಮ್ಮ ಅಕ್ಕನಿಗೆ ಹೀಗೇ ಒಂದು ಸಲ ತಲೆ ತಿರುಗಿತ್ತು. ಮಕ್ಕಳು ಪ್ರೀತಿಯಿಂದಲೇ ಮಂಚಕ್ಕೆ ಹಾಕಿದರು. ಏಳಬೇಡಮ್ಮ, ಹೊರಗೆ ಬೇಡಮ್ಮ, ಒಲೆ ಹತ್ತಿರ ಬೇಡಮ್ಮ. ಎರಡು ವರ್ಷ ಕಿಟಕಿ ನೋಡಿಕೊಂಡು ಮಲಗಿದ್ದಳು. ಕಾಲು ಗಟ್ಟಿಯೇ ಇತ್ತು, ನಡೆಯುವುದು ಮರೆತುಹೋಯಿತು. ನನ್ನನ್ನು ಹಾಗೆ ಮಲಗಿಸುವವರು ಇನ್ನೂ ಹುಟ್ಟಿಲ್ಲ.

ಆದರೂ ಹೊಟ್ಟೆಯಲ್ಲಿ ಇಟ್ಟುಕೊಂಡಿರುವುದಕ್ಕೆ ಆಗುವುದಿಲ್ಲ. ಅದಕ್ಕೇ ಈ ಪುಸ್ತಕ. ಇದಕ್ಕೆ ಬಾಯಿಲ್ಲ.

ಫೆಬ್ರವರಿ 6, ಗುರುವಾರ

ನಮ್ಮ ಸೊಸೆ ಮೇಷ್ಟ್ರಮ್ಮ ಆಗುತ್ತಾಳಂತೆ, ಅವಳ ಕ್ಲಾಸು ಈ ಭಾನುವಾರ ಶುರುವಂತೆ. ಏನು ಕ್ಲಾಸು? ಉಸಿರಾಡುವ ಕ್ಲಾಸು!

"ಹುಟ್ಟಿದಾಗಿಂದ ಆಡ್ತಾ ಇದೀನಲ್ಲೇ, ಇನ್ನೂ ಪಾಸಾಗಿಲ್ವಾ?" ಅಂದೆ. ಮಗ ನಕ್ಕ. ಅವಳು ನಗಲಿಲ್ಲ.

ನಗಲಿಲ್ಲ ಯಾಕೆ ಅಂತ ನನಗೂ ಗೊತ್ತು. ಆಸ್ಪತ್ರೆಯಲ್ಲಿ ಆಪರೇಷನ್ ಆದವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಡುತ್ತಿದ್ದವಳು, ಆಮೇಲೆ ಮನಸ್ಸು ಹಗುರಾಗಲಿ ಅಂತ ಜೋರಾಗಿ ಉಸಿರಾಡಿಸುವ ಈ ವಿದ್ಯೆಯನ್ನೂ ಕಲಿತಳು. ಹೋದ ವರ್ಷ ಒಂದು ದೊಡ್ಡ ಹಾಲಿನಲ್ಲಿ ಸಹಾಯಕ್ಕೆ ಹೋಗಿದ್ದಳು. ಎಂಬತ್ತು ಜನರನ್ನು ಸಾಲಾಗಿ ಮಲಗಿಸಿ, ಕಿವಿ ಹರಿಯುವ ಹಾಗೆ ಹಾಡು ಹಾಕಿ, ಜೋರುಜೋರಾಗಿ ಉಸಿರಾಡಿಸುತ್ತಿದ್ದರಂತೆ. ಮೂಲೆಯಲ್ಲಿ ಒಬ್ಬ ಹೆಂಗಸಿಗೆ ಫಿಟ್ಸ್ ಬಂತು. ಅವಳು ಒದ್ದಾಡುತ್ತಿದ್ದರೆ ಮುಖ್ಯಸ್ಥರು, "ಒಳಗಿನ ದುಃಖ ಹೊರಗೆ ಬರ್ತಿದೆ, ಮುಟ್ಟಬೇಡಿ" ಅಂದರಂತೆ. ಹೇಗೋ ಬದುಕಿಕೊಂಡಳು. ನಮ್ಮವಳು ಮನೆಗೆ ಬಂದು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ಸ್ವಂತವಾಗಿ ಕ್ಲಾಸು ಮಾಡುತ್ತಾಳಂತೆ. ಹನ್ನೆರಡೇ ಜನ, ಹದಿಮೂರನೆಯವರು ಮುಂದಿನ ವಾರ ಬರಬೇಕು. ಸಹಾಯಕ್ಕೆ ಹಳೇ ಆಸ್ಪತ್ರೆಯ ನರ್ಸ್ ಒಬ್ಬಳು. ಮೊದಲು ಎಲ್ಲರೂ ಒಂದು ಫಾರಂ ತುಂಬಬೇಕು, ಕಾಯಿಲೆ ಕಸಾಲೆ ಎಲ್ಲ ಅದರಲ್ಲಿ ಹೇಳಬೇಕು.

"ಇನ್ನೊಂದು ಸಲ ನನ್ನ ಕಣ್ಣೆದುರಿಗೆ ಯಾರಾದ್ರೂ ಬಿದ್ರೆ, ಈ ಕೆಲಸಕ್ಕೇ ಕೈಮುಗಿದುಬಿಡ್ತೀನಿ" ಅಂತ ಮಗನಿಗೆ ಹೇಳುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಕೇಳಿಸಿಕೊಂಡೆ. ಬೀಳುವ ಮಾತು ಬಂದಾಗ ಈಗೀಗ ನನ್ನ ಕಿವಿ ತಾನಾಗಿ ನೆಟ್ಟಗಾಗುತ್ತದೆ.

ಫೆಬ್ರವರಿ 9, ಭಾನುವಾರ

ಬಾಗಿಲಲ್ಲಿ ಚಪ್ಪಲಿ ನೋಡಿಕೊಳ್ಳುವುದಕ್ಕೆ ನನ್ನನ್ನು ಕರೆದುಕೊಂಡು ಹೋದಳು. ಮನೆಯಲ್ಲಿ ಕೂತು ಏನು ಮಾಡಲಿ, ಹೋದೆ. ಪ್ರೆಸ್ಸಿನ ಮೇಲಿನ ರೂಮು. ಕೆಳಗೆ ಮದುವೆ ಕಾಗದ ಅಚ್ಚಾಗುತ್ತಿದ್ದರೆ ಮೇಲೆ ನೆಲ ಗುಡುಗುಡು ಅನ್ನುತ್ತದೆ, ಭಾನುವಾರ ಮಾತ್ರ ಸುಮ್ಮನಿರುತ್ತದೆ. ಇಪ್ಪತ್ತೆರಡು ಮೆಟ್ಟಿಲು. ಸಿಕ್ಕಸಿಕ್ಕವರ ಲಿಫ್ಟೆಲ್ಲ ರಿಪೇರಿ ಮಾಡುವವನ ಹೆಂಡತಿಗೆ ಲಿಫ್ಟಿಲ್ಲದ ಕಟ್ಟಡವೇ ಸಿಕ್ಕಿತು. ನಡುವೆ ಎರಡು ಸಲ ನಿಂತೆ, ಗೋಡೆಯ ಮೇಲಿನ ಬೋರ್ಡು ಓದುವವಳ ಹಾಗೆ.

ಚಪ್ಪಲಿ ಗೂಡಿನ ಪಕ್ಕ ಬೆಂಚು. ಅಲ್ಲೇ ಕೂತು ಜನ ಫಾರಂ ತುಂಬಿದರು. ತುಂಬಿದರು ಅಂದರೆ ಏನು, "ಇಲ್ಲ ಇಲ್ಲ ಇಲ್ಲ" ಅಂತ ಮೇಲಿಂದ ಕೆಳಗೆ ಗೀಟು ಎಳೆದರು.

ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬರು ಬಂದಿದ್ದರು. ಎತ್ತರದ ಆಳು, ಗಟ್ಟಿ ದನಿ. ಅವರೂ ಗೀಟು ಎಳೆದರು. ಆದರೆ ಬಗ್ಗಿ ಶೂ ಬಿಚ್ಚುವಾಗ ಎಡಗಣ್ಣು ಹಿಸುಕಿಕೊಂಡರು. ನಾನು ಬಿಡುತ್ತೇನಾ?

"ಯಾಕೆ ಅಂಚೆಯಣ್ಣ, ಕಣ್ಣು ಹೊಡೀತಿದೀರಿ? ನನಗೆ ವಯಸ್ಸಾಯ್ತು."

"ಅಯ್ಯೋ, ಇಲ್ಲ ಅಮ್ಮಾವ್ರೇ! ಮೊನ್ನೆ ತಾನೇ ಕಣ್ಣಿನ ಆಪರೇಷನ್ ಆಯ್ತು, ಮೂರು ವಾರ."

ಅವರ ಕೈಯಿಂದ ಫಾರಂ ಕಿತ್ತುಕೊಂಡು ಅಕ್ಷರ ಕೂಡಿಸಿ ಓದಿದೆ. "ಇತ್ತೀಚೆಗೆ ತಮಗೆ ಶಸ್ತ್ರಚಿಕಿತ್ಸೆ ನಡೆದಿದೆಯೇ?" ಅಂತಿತ್ತು. ಇಲ್ಲ ಅಂತ ಗೀಟು.

"ಇದು ಇಲ್ಲ ಅಂತೀರಲ್ಲ?"

"ನಂದು ಆಪರೇಷನ್ನು ಅಮ್ಮಾವ್ರೇ! ಶಸ್ತ್ರ ಗಿಸ್ತ್ರ ಎಲ್ಲ ಎಲ್ಲಿ ಬಂತು? ನನಗೇನು ಯಾರಾದ್ರೂ ಚೂರಿ ಹಾಕಿದಾರಾ?"

ಸೊಸೆಯನ್ನು ಕರೆದೆ. ಅವಳ ಮುಖ ಬಿಳಿಚಿಕೊಂಡಿತು. ಜೋರಾಗಿ ಉಸಿರಾಡಿದರೆ, ಉಸಿರು ಬಿಗಿಹಿಡಿದರೆ ಕಣ್ಣಿಗೆ ಒತ್ತಡ ಬೀಳಬಹುದಂತೆ. ಕಣ್ಣಿನ ಡಾಕ್ಟರ ಚೀಟಿ ತರುವ ತನಕ ಬೇಡ ಅಂದಳು. ಅಂಚೆಯಣ್ಣ ಮುಖ ಊದಿಸಿಕೊಂಡರೂ ಹೊರಡಲಿಲ್ಲ, ನನ್ನ ಪಕ್ಕದಲ್ಲೇ ಕೂತು ಪೇಪರ್ ಓದಿದರು.

ಒಳಗೆ ಅವಳು ಹೇಳುತ್ತಿದ್ದುದು ಕೇಳಿಸುತ್ತಿತ್ತು. "ಕಣ್ಣು ಮುಚ್ಚಲೇಬೇಕು ಅಂತಿಲ್ಲ. ಕೈ ಜುಂ ಅಂದ್ರೆ, ಬೆರಳು ಸೆಟೆದುಕೊಂಡ್ರೆ ನಿಧಾನ ಮಾಡಿ. ಬೇಡ ಅನ್ನಿಸಿದ್ರೆ ನಿಲ್ಲಿಸಿ, ಅದಕ್ಕೆ ನನ್ನ ಅಪ್ಪಣೆ ಬೇಡ. ನಿಮ್ಮನ್ನ ಕೇಳದೆ ನಾನು ಯಾರನ್ನೂ ಮುಟ್ಟಲ್ಲ. ಇದರಿಂದ ಕಾಯಿಲೆ ವಾಸಿ ಆಗುತ್ತೆ ಅಂತ ನಾನು ಹೇಳಲ್ಲ. ನೀವೂ ಮಾತ್ರೆ ಬಿಡಬೇಡಿ."

ಮುಗಿದ ಮೇಲೂ ಕಾಲು ಗಂಟೆ ಎಲ್ಲರನ್ನೂ ಕೂರಿಸಿ ನೀರು ಕೊಟ್ಟು, ಮಾತಾಡಿಸಿ, ಆಮೇಲೇ ಸ್ಕೂಟರ್ ಹತ್ತಲು ಬಿಟ್ಟಳು. ಮಕ್ಕಳನ್ನು ರಸ್ತೆ ದಾಟಿಸಿದ ಹಾಗೆ. ಮೇಷ್ಟ್ರಮ್ಮ ಅಂದುಕೊಂಡಷ್ಟು ದಡ್ಡಿಯಲ್ಲ.

ಫೆಬ್ರವರಿ 11, ಮಂಗಳವಾರ

ಸೊಸೆ ಫಾರಂ ಮುಂದಿಟ್ಟುಕೊಂಡು ಕೂತಿದ್ದಳು. "ಸರಿಯಾಗೇ ಬರೆದಿದ್ನಲ್ಲ ಅತ್ತೆ" ಅಂದಳು.

"ಸರಿಯಾಗೇ ಬರೆದಿದೀಯ. ಸರ್ಕಾರದವರು ಬರೆದ ಹಾಗೆ. ಅಪಸ್ಮಾರ ಅಂದ್ರೆ ಏನೇ?"

"ಫಿಟ್ಸು."

"ಮತ್ತೆ ಫಿಟ್ಸು ಅಂತ ಬರಿ. ನಾನು ಯಾವುದೋ ಊರಿನ ಹೆಸರು ಅಂದುಕೊಂಡೆ."

ಇಬ್ಬರೂ ಕೂತು ಹತ್ತು ಪ್ರಶ್ನೆ ಮಾಡಿದೆವು. ಅವಳು ವಿಷಯ ಹೇಳುವುದು, ನಾನು ಬಾಯಿಮಾತಿಗೆ ಇಳಿಸುವುದು. ಎರಡನೆಯದು: ಬಿಪಿಗೆ ಮಾತ್ರೆ ತಗೋತೀರಾ? ಐದನೆಯದು: ಮೈಮೇಲೆ ಎಲ್ಲಾದರೂ ಹೊಸ ಹೊಲಿಗೆ ಇದೆಯಾ? ಆರನೆಯದು: ಬಸುರಿಯಾ, ಇರಬಹುದು ಅಂತ ಅನುಮಾನವಾ? ಇನ್ನು ಫಾರಂ ಕೊಡುವುದಿಲ್ಲ, ನಾನೇ ಚಪ್ಪಲಿ ಗೂಡಿನ ಹತ್ತಿರ ಒಬ್ಬೊಬ್ಬರನ್ನೇ ಮೆಲ್ಲಗೆ ಕೇಳಿ ಬರೆದುಕೊಳ್ಳುವುದು. "ಫಾರಂಗೆ ಸುಳ್ಳು ಹೇಳೋರು ನಿಮ್ಮ ಮುಖ ನೋಡಿ ಹೇಳಲ್ಲ ಅತ್ತೆ" ಅಂದಳು. ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ.

ಏಳನೆಯದು ಅವಳೇ ಹೇಳಿದಳು: "ಇದ್ದಕ್ಕಿದ್ದಂಗೆ ಕಣ್ಣು ಕತ್ತಲೆ ಬಂದು ಯಾವತ್ತಾದ್ರೂ ಬಿದ್ದಿದೀರಾ?" ನಾನು ಬರೆದುಕೊಂಡೆ. ಪೆನ್ನು ಸ್ವಲ್ಪ ನಿಂತಿತು. ಇಂಕು ಸರಿಯಿರಲಿಲ್ಲ.

ಫೆಬ್ರವರಿ 16, ಭಾನುವಾರ

ಹನ್ನೊಂದು ಜನ. ಚಪ್ಪಲಿ ಬಿಚ್ಚುವಾಗ ಮನುಷ್ಯರು ನಿಜ ಹೇಳುತ್ತಾರೆ ಅಂತ ಇವತ್ತು ತಿಳಿಯಿತು. ಬಗ್ಗಿರುತ್ತಾರೆ, ಮುಖ ಕಾಣುವುದಿಲ್ಲ, ಬಾಯಿ ಸಡಿಲವಾಗುತ್ತದೆ. ಒಬ್ಬಳು ಬಸುರಿ ಅಂತ ಗಂಡನಿಗಿಂತ ಮೊದಲು ನನಗೆ ಹೇಳಿದಳು. ಅವಳಿಗೆ ಸೊಸೆ ಒಳಗೆ ಕುರ್ಚಿ ಹಾಕಿ, ಸುಮ್ಮನೆ ನಿಧಾನವಾಗಿ ಉಸಿರಾಡುವುದಷ್ಟೇ ಸಾಕು ಅಂದಳಂತೆ.

ಬೇಕರಿಯ ಹೆಂಗಸು ಬಂದಳು, ಬಾಯಾಳಿ, ನನ್ನದೇ ಜಾತಿ. ಏಳನೆಯದು ಕೇಳಿದ್ದಕ್ಕೆ "ನಾನ್ಯಾಕೆ ಬೀಳಲಿ? ನೀವು ಬಿದ್ದಿದೀರಾ ಅಜ್ಜಿ, ಮೊದಲು ಹೇಳಿ" ಅಂದಳು. ತಮಾಷೆಗೇ ಅಂದಿದ್ದು. ಸೊಸೆ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು.

"ನಾನಾ? ಗುಂಡುಕಲ್ಲು ಇದ್ದ ಹಾಗೆ ಇದೀನಿ" ಅಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆಮೇಲೆ ಬಂದವರಿಗೆ ಆರು ಆದಮೇಲೆ ಎಂಟು ಕೇಳಿದೆ. ಆ ಮನೆಹಾಳು ಪ್ರಶ್ನೆ ಕೇಳಿದರೆ ತಿರುಗಿ ನನಗೇ ಬರುತ್ತದೆ. ಹತ್ತರಲ್ಲಿ ಒಂದು ಬಿಟ್ಟರೆ ಆಕಾಶವೇನು ಕಳಚಿ ಬೀಳುವುದಿಲ್ಲ.

ಫೆಬ್ರವರಿ 23, ಭಾನುವಾರ

ಹೋದೆ, ಕೂತೆ, ಬಂದೆ. ಬರೆಯುವಂಥದ್ದೇನೂ ಇಲ್ಲ.

ಮಾರ್ಚ್ 2, ಭಾನುವಾರ

ಅಕ್ಷರ ಹೇಗಾದರೂ ಬರಲಿ, ಇವತ್ತಿನದು ಇವತ್ತೇ ಬರೆಯಬೇಕು.

ಹೊಸಬಳು ಬಂದಿದ್ದಳು, ಹೊಲಿಗೆ ಕಾರ್ಖಾನೆಯ ಹುಡುಗಿ. ಸಣಕಲು, ತೋಳಿಗೆ ನೂಲಿನ ಎಳೆ ಅಂಟಿಕೊಂಡೇ ಇತ್ತು. ಎಲ್ಲಕ್ಕೂ "ಇಲ್ಲ ಅಜ್ಜಿ, ಇಲ್ಲ ಅಜ್ಜಿ" ಅಂದಳು. ಆರು ಕೇಳಿದೆ. ಎಂಟು ಕೇಳಿದೆ.

ಒಳಗೆ ಎಲ್ಲ ಚೆನ್ನಾಗೇ ನಡೆದಿತ್ತು. ಮುಗಿಯುವ ಹೊತ್ತಿಗೆ, ಇನ್ನೂ ಯಾರೂ ಏಳಬೇಡಿ ಅಂತ ಸೊಸೆ ಹೇಳುತ್ತಿದ್ದ ಹಾಗೇ ಆ ಹುಡುಗಿ ನೀರು ಕುಡಿಯಲು ದಡಕ್ಕನೆ ಎದ್ದಳು. ಎದ್ದವಳು ಹಾಗೇ ಮಡಿಸಿದ ಬಟ್ಟೆಯಂತೆ ಕುಸಿದಳು. ನರ್ಸ್ ಹಾರಿ ಹಿಡಿದುಕೊಂಡಳು, ಇಲ್ಲದಿದ್ದರೆ ತಲೆ ಕಿಟಕಿಯ ಕಟ್ಟೆಗೆ ಬಡಿಯುತ್ತಿತ್ತು. ತುಟಿ ಮಾತ್ರ ಹಲ್ಲಿಗೆ ಸಿಕ್ಕಿ ರಕ್ತ ಬಂತು.

ನಾನು ಬಾಗಿಲಲ್ಲಿ ನಿಂತವಳು ನಿಂತೇ ಇದ್ದೆ.

ಸೊಸೆ ಕೂಗಾಡಲಿಲ್ಲ. ಅವಳನ್ನು ಮಲಗಿಸಿ, ಉಸಿರು ನೋಡಿ, ನಾಡಿ ಹಿಡಿದು, ಕಾಲು ಕುರ್ಚಿಯ ಮೇಲೆ ಎತ್ತಿಟ್ಟಳು. ನರ್ಸ್ ಉಳಿದವರ ಕಡೆ ತಿರುಗಿ "ಎಲ್ಲರೂ ಕೂತೇ ಇರಿ, ಮೂಗಿನಲ್ಲಿ ಮೆಲ್ಲಗೆ" ಅಂದಳು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಹುಡುಗಿ ಕಣ್ಣು ಬಿಟ್ಟು "ನಾನು ಬಿದ್ನಾ?" ಅಂದಳು. "ಕೆಲಸದಲ್ಲೂ ಹೀಗಾಗುತ್ತೆ ಮೇಡಂ, ಎರಡು ಮೂರು ಸಲ ಆಗಿದೆ. ಅದೂ ಹೇಳಬೇಕಿತ್ತಾ? ಯಾರೂ ಕೇಳಲಿಲ್ಲ."

ಯಾರೂ ಕೇಳಲಿಲ್ಲ ಅಂದಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಅವಳ ಅಣ್ಣನಿಗೆ ಫೋನ್ ಮಾಡಿ, ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋದಳು ಸೊಸೆ. ಮಧ್ಯಾಹ್ನ ಬಂದಳು. ರಕ್ತ ಕಮ್ಮಿಯಂತೆ, ಭಯ ಏನೂ ಇಲ್ಲವಂತೆ. ನಾನು ಕಾಫಿ ಕೊಟ್ಟೆ. ಕುಡಿಯಲಿಲ್ಲ.

ಮಾರ್ಚ್ 3, ಸೋಮವಾರ

ಹನ್ನೆರಡು ಚಾಪೆಯನ್ನೂ ಸುತ್ತಿ ಅಟ್ಟಕ್ಕೆ ಹಾಕಿಸಿದಳು. ಪ್ರೆಸ್ಸಿನವರಿಗೆ ರೂಮು ಬೇಡ ಅಂತ ನಾಳೆ ಹೇಳುತ್ತಾಳಂತೆ.

"ಪ್ರಶ್ನೆ ಕೇಳಿದ್ವಿ. ಕೇಳಿದ್ರೂ ತಪ್ಪಿತು ಅಂದ್ರೆ, ನನಗೇ ಜನರನ್ನ ನೋಡೋಕೆ ಬರಲ್ಲ ಅಂತಾಯ್ತು" ಅಂದಳು ಗಂಡನಿಗೆ.

ನಾನು ಅಲ್ಲೇ ಇದ್ದೆ. ತುತ್ತು ಬಾಯಲ್ಲೇ ಇತ್ತು.

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಮಗ ಕೆಲಸಕ್ಕೆ ಹೋದ ಮೇಲೆ ಅಡುಗೆಮನೆಗೆ ಹೋದೆ. ಅವಳು ನಾನು ಬರೆದುಕೊಂಡಿದ್ದ ಪ್ರಶ್ನೆಯ ಹಾಳೆಗಳನ್ನು ಹರಿದು ಕಸದ ಬುಟ್ಟಿಗೆ ಹಾಕುತ್ತಿದ್ದಳು.

"ಹರೀಬೇಡ. ಅದರಲ್ಲಿ ಏಳನೇದು ಖಾಲಿ ಇದೆ, ನೋಡು."

ನೋಡಿದಳು. ಇನ್ನೊಂದು ಹಾಳೆ ನೋಡಿದಳು. ಮತ್ತೊಂದು.

"ನಾನು ಕೇಳಲಿಲ್ಲ ಕಣೆ. ಆರು ಆದಮೇಲೆ ಎಂಟು. ಎರಡು ವಾರದಿಂದ ಹೀಗೇ."

"ಮರೆತ್ರಾ ಅತ್ತೆ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ವಯಸ್ಸಾಯಿತು ಅಂತ ಬಿಟ್ಟುಬಿಡುತ್ತಿದ್ದಳು.

"ಮರೀಲಿಲ್ಲ. ಬೇರೆಯವರನ್ನ ಕೇಳುವಾಗೆಲ್ಲ ನನಗೇ ಕೇಳಿದಂಗೆ ಆಗ್ತಿತ್ತು. ನಾನೂ ಬಿದ್ದಿದೀನಿ."

ಅವಳು ಬೈಯುತ್ತಾಳೆ ಅಂತ ಗೊತ್ತಿತ್ತು. ಹೀಗೆ ಅಂತ ಗೊತ್ತಿರಲಿಲ್ಲ. "ಆ ಹುಡುಗಿ ತಲೆ ಒಡೆದಿದ್ರೆ? ನರ್ಸ್ ಅಲ್ಲಿ ಇರದೇ ಇದ್ದಿದ್ರೆ? ನಾನು ಎರಡು ದಿನದಿಂದ ಒಳಗೊಳಗೇ ಸಾಯ್ತಿದೀನಿ, ನೀವು ಎದುರಿಗೇ ಕೂತು ಊಟ ಮಾಡಿದ್ರಲ್ಲ!" ಅಂದಳು. ಈ ಮನೆಗೆ ಬಂದಾಗಿನಿಂದ ನನ್ನ ಎದುರು ದನಿ ಎತ್ತಿದವಳಲ್ಲ.

ಆಮೇಲೆ ತಟ್ಟನೆ ನಿಲ್ಲಿಸಿದಳು.

"ನೀವು ಬಿದ್ದಿದ್ದು ಎಷ್ಟು ಸಲ?"

"ಎರಡು."

"ಬಾಗಿಲು ತಗುಲಿತು ಅಂದಿದ್ದು?"

"ಬಾಗಿಲ ತಪ್ಪೇನಿಲ್ಲ, ಪಾಪ."

ಕೂರಿಸಿ ಬಿಪಿ ನೋಡಿದಳು. ನಿಲ್ಲಿಸಿ ಮತ್ತೆ ನೋಡಿದಳು. ಹುಬ್ಬು ಗಂಟಾಯಿತು. ನಾಳಿದ್ದು ಡಾಕ್ಟರ ಹತ್ತಿರ ಅಂದಳು.

"ಬರ್ತೀನಿ. ಆದ್ರೆ ಒಂದು ಮಾತು. ಅಕ್ಕನ ಹಾಗೆ ನನ್ನನ್ನ ಮಂಚಕ್ಕೆ ಹಾಕಬೇಡ ಕಣೆ."

ಬಿಪಿ ಪಟ್ಟಿ ಸುತ್ತುತ್ತಿದ್ದವಳು ನನ್ನನ್ನೇ ನೋಡಿದಳು. ಇದು ಅವಳಿಗೆ ಗೊತ್ತಿರಲಿಲ್ಲ. ಹೇಳಿದರೆ ತಾನೇ ಗೊತ್ತಾಗುವುದು.

"ದಿನವೆಲ್ಲ ಮನೇಲಿ ಮಲಗಿಸಿದ್ರೆ ನಿಮ್ಮ ಬಾಯಿ ಕೇಳೋರು ಯಾರು ಅತ್ತೆ? ನಾನೊಬ್ಬಳೇ. ನನಗೆ ಆ ಶಕ್ತಿ ಇಲ್ಲ."

ಇಬ್ಬರಿಗೂ ನಗು ಬಂತು. ನನ್ನ ಕಣ್ಣಲ್ಲಿ ನೀರೂ ಬಂತು, ಈರುಳ್ಳಿ ಹೆಚ್ಚಿಟ್ಟಿದ್ದಳು.

ಮಾರ್ಚ್ 6, ಗುರುವಾರ

ಅಬ್ಬ!

ಬರೆಯುವ ಮೊದಲು ಎರಡು ಲೋಟ ನೀರು ಕುಡಿದೆ.

ಡಾಕ್ಟರು ಚಿಕ್ಕ ವಯಸ್ಸಿನವಳು. ಎದೆಗೆ ತಂತಿ ಅಂಟಿಸಿ ನೋಡಿದಳು, ರಕ್ತ ನೋಡಿದಳು. ಆಮೇಲೆ, "ನೀವು ತಗೊಳ್ಳೋ ಮಾತ್ರೆ ಎಲ್ಲಾ ಇಲ್ಲಿ ಸುರೀರಿ ಅಜ್ಜಿ" ಅಂದಳು. ಚೀಲ ಬಗ್ಗಿಸಿದೆ. ಗುಂಡಿ, ಪಿನ್ನು, ಲವಂಗ ಎಲ್ಲ ಬಂತು, ಮಾತ್ರೆಯೂ ಬಂತು.

ಬಿಪಿ ಮಾತ್ರೆಯದೇ ಎರಡು ಪಟ್ಟಿ. ಒಂದು ಮೊದಲಿನಿಂದ ತಗೊಳ್ಳುತ್ತಿದ್ದುದು, ಇನ್ನೊಂದು ಡಿಸೆಂಬರಿನಲ್ಲಿ ಅಂಗಡಿಯವನು ಹಳೆಯದು ಖಾಲಿ ಅಂತ ಕೊಟ್ಟಿದ್ದು. ಆಮೇಲೆ ಹಳೆಯದೂ ಬಂತು. ಡಬ್ಬಿ ಬೇರೆ, ಬಣ್ಣ ಬೇರೆ, ಹೆಸರು ಬೇರೆ. ಎರಡೂ ಬೇಕು ಅಂತ ಎರಡನ್ನೂ ನುಂಗುತ್ತಿದ್ದೆ, ದಿನಾ ತಪ್ಪದೆ.

"ಎರಡೂ ಒಂದೇ ಮಾತ್ರೆ ಅಜ್ಜಿ" ಅಂದಳು ಡಾಕ್ಟರು. "ಕಂಪನಿ ಇಟ್ಟ ಹೆಸರು ಮಾತ್ರ ಬೇರೆ. ಎರಡರಷ್ಟು ತಗೊಂಡು ಬಿಪಿ ಇಳಿದುಹೋಗಿದೆ. ಅದಕ್ಕೇ ಎದ್ದ ತಕ್ಷಣ ಕಣ್ಣು ಕತ್ತಲೆ. ಎದೆ ಚೆನ್ನಾಗಿದೆ."

ಸೊಸೆ ಬಾಯಿಗೆ ಸೆರಗು ಇಟ್ಟುಕೊಂಡಳು. ಅಳುತ್ತಾಳೆ ಅಂದುಕೊಂಡೆ. ಭುಜ ಕುಲುಕುತ್ತಿತ್ತು. "ನಿಮ್ಮದು ಆಪರೇಷನ್ನಾ ಅತ್ತೆ, ಶಸ್ತ್ರಚಿಕಿತ್ಸೆನಾ?" ಅಂದಳು. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ನಾವಿಬ್ಬರೂ ಆ ಕುರ್ಚಿಯಲ್ಲಿ ಕೂತು ಮರ್ಯಾದೆ ಬಿಟ್ಟು ನಕ್ಕೆವು.

ಒಂದು ಪಟ್ಟಿ ಡಾಕ್ಟರೇ ತೆಗೆದಿಟ್ಟುಕೊಂಡಳು. ಏಳುವಾಗ ಮೊದಲು ಮಂಚದ ತುದಿಯಲ್ಲಿ ಸ್ವಲ್ಪ ಕೂರಬೇಕು, ನೀರು ಹೆಚ್ಚು ಕುಡಿಯಬೇಕು, ಹದಿನೈದು ದಿನಕ್ಕೆ ಮತ್ತೆ ಬರಬೇಕು. ನಾನೇ ಕೇಳಿದೆ, ಮಲಗೇ ಇರಬೇಕಾ ಅಂತ. "ಅಯ್ಯೋ, ನಡೀಬೇಕು ಅಜ್ಜಿ. ದಿನಾ ನಡೀಬೇಕು" ಅಂದಳು. ಆ ಮಾತನ್ನು ಚೀಟಿಯಲ್ಲಿ ಬರೆಸಿಕೊಂಡೆ, ಮಗನಿಗೆ ತೋರಿಸುವುದಕ್ಕೆ.

ಬರುವಾಗ ಸೊಸೆ, ಇನ್ನು ಮಗಳು ಅಂತಲೇ ಬರೆಯುತ್ತೇನೆ, ಆಟೋ ಹತ್ತುವ ಅಂದಳು. ಬೇಡ, ನಿಧಾನವಾಗಿ ನಡೆಯುವ ಅಂದೆ. ನಡೆದೆವು. ದಾರಿಯಲ್ಲಿ ಹಾಗೇ ಪ್ರೆಸ್ಸಿನ ಕಡೆ ತಿರುಗಿದೆವು. ರೂಮು ಬೇಡ ಅಂತ ಅವಳು ಇನ್ನೂ ಹೇಳಿರಲಿಲ್ಲ.

ಮಾರ್ಚ್ 16, ಭಾನುವಾರ

ಚಾಪೆ ಅಟ್ಟದಿಂದ ಇಳಿಯಿತು. ಎಂಟು ಜನ ಬಂದರು. ನಾಲ್ಕು ಜನ ಬರಲಿಲ್ಲ, ಹೆದರಿದ್ದಾರೆ. ಹೆದರಲಿ, ಅದೂ ಸರಿಯೇ. ಹಿಂದಿನ ಸಲ ಏನಾಯಿತು, ಯಾಕಾಯಿತು ಅಂತ ಬಂದವರಿಗೆಲ್ಲ ಅವಳು ಬಾಯಿಬಿಟ್ಟು ಹೇಳಿದಳು. ಪ್ರಶ್ನೆ ಬಿಟ್ಟವಳು ನಾನೇ ಅಂತ ನಾನು ಹೇಳಿದೆ. ಬೇಕರಿಯವಳು ಮೊದಲ ಸಲ ಬಾಯಿ ಮುಚ್ಚಿಕೊಂಡು ಕೇಳಿದಳು.

ಹೊಲಿಗೆಯ ಹುಡುಗಿ ಬಂದಳು, ರಕ್ತದ ಮಾತ್ರೆ ಶುರು ಮಾಡಿದ್ದಾಳೆ. ಅವಳ ಕೈ ಹಿಡಿದು ತಪ್ಪಾಯಿತು ಕಂದ ಅಂದೆ. "ಬಿಡಿ ಅಜ್ಜಿ, ನೀವು ಕೇಳಿದ್ರೂ ನಾನು ಇಲ್ಲ ಅಂತಿದ್ನೇನೋ" ಅಂದಳು. ನನ್ನ ಸಮಾಧಾನಕ್ಕೆ ಹೇಳಿದಳು ಅಂತ ಗೊತ್ತು. ಅವಳಿಗೂ ಈಗ ಕುರ್ಚಿ, ನಿಧಾನದ ಉಸಿರು. ಅಂಚೆಯಣ್ಣ ಕಣ್ಣಿನ ಡಾಕ್ಟರ ಚೀಟಿ ತಂದರು. ಅವರಿಗೂ ಸದ್ಯಕ್ಕೆ ನಿಧಾನದ್ದೇ ಅಂತ ಬರೆದಿದೆ. ಮುಖ ಊದಿಸಿಕೊಳ್ಳಲಿಲ್ಲ.

ನಾನು ಬೆಂಚಿನಲ್ಲಿ ಕೂತು ಹಾಳೆ ತೆಗೆಯುವಷ್ಟರಲ್ಲಿ ಮಗಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಚೆಯಣ್ಣನಿಗೆ ಕೊಟ್ಟಳು.

"ಬಾಗಿಲಲ್ಲಿ ಕೂರೋರಿಗೂ ಪ್ರಶ್ನೆ ಉಂಟು. ಇವತ್ತಿನಿಂದ."

ಅಂಚೆಯಣ್ಣ ಕನ್ನಡಕ ಏರಿಸಿಕೊಂಡರು. ರಿಜಿಸ್ಟರ್ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವವರ ಗತ್ತು. ಒಂದು, ಎರಡು, ಮೂರು. ಬಿಪಿ ಮಾತ್ರೆ ಎಷ್ಟು? ಒಂದೇ. ಫಿಟ್ಸ್? ಇಲ್ಲ. ಆರನೆಯದಕ್ಕೆ ಬಂದು ತೊದಲಿದರು.

"ಕೇಳಿ, ಕೇಳಿ. ಬಿಡಬೇಡಿ" ಅಂದೆ.

"ಬ... ಬಸುರಿಯಾ ಅಮ್ಮಾವ್ರೇ?"

"ಅನುಮಾನ ಇಲ್ಲ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ಏಳನೆಯದು ಕೇಳಿದರು. "ಇದ್ದಕ್ಕಿದ್ದಂಗೆ ಕಣ್ಣು ಕತ್ತಲೆ ಬಂದು ಯಾವತ್ತಾದ್ರೂ ಬಿದ್ದಿದೀರಾ?"

"ಬಿದ್ದಿದೀನಿ."

"ಎಷ್ಟು ಸಲ?"

ಎರಡು ಅಂತ ಬಾಯಿಗೆ ಬಂದಿತ್ತು. ಡಾಕ್ಟರಿಗೂ ಅದನ್ನೇ ಹೇಳಿದ್ದೆ, ಈ ಪುಸ್ತಕಕ್ಕೂ ಅದನ್ನೇ. ಕೂತಿದ್ದ ಬೆಂಚು ನೋಡಿದೆ. ಫೆಬ್ರವರಿ ಇಪ್ಪತ್ತಮೂರನೇ ತಾರೀಕು, ಒಳಗೆ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದಾಗ, ಯಾರದೋ ಚಪ್ಪಲಿ ಜೋಡಿಸಿ ಎದ್ದವಳು ಇದೇ ಗೂಡಿಗೆ ಹಣೆ ತಾಗಿಸಿಕೊಂಡು ಕುಸಿದಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಎದ್ದು, ಚಪ್ಪಲಿಗಳನ್ನು ಮತ್ತೆ ಜೋಡಿಸಿ ಕೂತಿದ್ದೆ.

"ಮೂರು" ಅಂದೆ.

ಬಾಗಿಲಲ್ಲಿ ನಿಂತಿದ್ದ ಮಗಳು ಬಂದು ನನ್ನ ಪಕ್ಕದಲ್ಲಿ ಕೂತಳು.

"ಬರೆದುಕೊಳ್ಳಿ ಅಂಚೆಯಣ್ಣ. ಮೂರು" ಅಂದಳು.

ಅವರು ಬರೆದುಕೊಂಡರು. ಆಮೇಲೆ ಎಂಟನೆಯದು ಕೇಳಿದರು.